ಎರಡು ರೊಟ್ಟಿ ಸಾಕು, ಕಾಳು ಇನ್ನೊಂದು ಬಟ್ಟಲು: ಬಸುರಿಯರ ಲೆಕ್ಕದಲ್ಲಿ ವಿಜಯಪುರದ ಖಾನಾವಳಿ ಡಬ್ಬಿ

ವಿಜಯಪುರದಲ್ಲಿ ಖಾನಾವಳಿ ಹುಡುಕಬೇಕಾಗಿಲ್ಲ. ಬಸ್ ಸ್ಟ್ಯಾಂಡು, ಕೋರ್ಟು, ದವಾಖಾನೆ, ಕಾಲೇಜು, ಎಲ್ಲಿ ನಿಂತರೂ ಹತ್ತಿರದಲ್ಲೇ ರೊಟ್ಟಿ ಬಡಿಯುವ ಸಪ್ಪಳ ಇರುತ್ತದೆ. ಮನೆಗೋ ಆಫೀಸಿಗೋ ಡಬ್ಬಿ ಕಳಿಸುವವರೂ ಇದ್ದಾರೆ. ತಿಂಗಳ ಲೆಕ್ಕದಲ್ಲಿ ಡಬ್ಬಿ ಕಟ್ಟಿಸಿಕೊಳ್ಳುವವರಲ್ಲಿ ವರ್ಗವಾಗಿ ಬಂದ ಶಿಕ್ಷಕಿಯರು, ಬ್ಯಾಂಕಿನವರು, ನರ್ಸುಗಳು ಇರುತ್ತಾರೆ. ಅವರಲ್ಲಿ ಬಸುರಿಯರೂ ಇರುತ್ತಾರೆ. ತವರು ದೂರ, ಅತ್ತೆ ಮನೆ ಇನ್ನೊಂದೂರು, ಇಬ್ಬರೂ ದುಡಿಯುವವರು. ಅಂಥ ಮನೆಯಲ್ಲಿ ಮಧ್ಯಾಹ್ನದ ಊಟ ಎಂದರೆ ಈ ಡಬ್ಬಿಯೇ. ಆ ಒಂದು ಊಟ ಒಂಬತ್ತು ತಿಂಗಳ ಲೆಕ್ಕಕ್ಕೆ ಸಾಲುತ್ತದೆಯೇ ಎಂದು ಇಲ್ಲಿ ತೂಗಿ ನೋಡಿದ್ದೇವೆ. ಅಂಗಡಿಯ ಹೆಸರು ಹಾಕಿಲ್ಲ. ಡಬ್ಬಿಯೊಳಗಿನ ಪದಾರ್ಥಗಳು ಊರ ತುಂಬ ಹೆಚ್ಚುಕಡಿಮೆ ಒಂದೇ. ಫರಕು ಇರುವುದು ಕೈಯಲ್ಲಿ, ಎಣ್ಣೆಯಲ್ಲಿ, ನೀರಿನಲ್ಲಿ.

ಅಂಕ ಮೊದಲೇ ಹೇಳಿಬಿಡುತ್ತೇವೆ. ಬಂದ ಹಾಗೆಯೇ ಉಂಡರೆ ಹತ್ತಕ್ಕೆ ಆರೂವರೆ. ಖಾನಾವಳಿಯವರಿಗೆ ನಾಲ್ಕು ಮಾತು ಹೇಳಿ ತಿದ್ದಿಸಿಕೊಂಡರೆ ಎಂಟೂವರೆ. ಉಳಿದ ಒಂದೂವರೆ ಅಂಕ ಯಾವ ಖಾನಾವಳಿಯ ಕೈಯಲ್ಲೂ ಇಲ್ಲ.

ಮಾಮೂಲಿ ಡಬ್ಬಿ ಹೀಗಿರುತ್ತದೆ: ಮೂರು ಜೋಳದ ರೊಟ್ಟಿ, ಒಂದು ಕಾಳು ಪಲ್ಯ (ಮಡಕಿ, ಹೆಸರು, ಅಲಸಂದಿ, ಇಲ್ಲವೇ ಕಡಲೆಹಿಟ್ಟಿನ ಜುಣಕ), ಒಂದು ತರಕಾರಿ ಪಲ್ಯ (ಹೆಚ್ಚಾಗಿ ಬದನೆಕಾಯಿ ಎಣ್ಣೆಗಾಯಿ), ಎರಡು ಚಮಚ ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಸ್ವಲ್ಪ ಅನ್ನ, ಸಾರು. ಜೊತೆಗೆ ಉಳ್ಳಾಗಡ್ಡಿ, ಸೌತೆಕಾಯಿ, ಗಜ್ಜರಿ, ಹಸಿ ಮೆಂತ್ಯ ಸೊಪ್ಪು. ಒಂದು ರೊಟ್ಟಿಗೆ 55 ಗ್ರಾಂ ಹಿಟ್ಟು ಎಂದು ಹಿಡಿದರೆ ಮೂರು ರೊಟ್ಟಿಗೆ 165 ಗ್ರಾಂ. ನೂರು ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲೊರಿ, 10 ಗ್ರಾಂ ಪ್ರೊಟೀನ್, 10 ಗ್ರಾಂ ನಾರು ಇದೆ. ಉಳಿದದ್ದನ್ನೂ ಕೂಡಿಸಿದರೆ ಡಬ್ಬಿ ಅಂದಾಜು 1,050ರಿಂದ 1,100 ಕ್ಯಾಲೊರಿ ತೂಗುತ್ತದೆ. ಪ್ರೊಟೀನ್ 30ರಿಂದ 35 ಗ್ರಾಂ.

ಇದನ್ನು ಬಸುರಿಯ ದಿನದ ಬೇಡಿಕೆಗೆ ಹೋಲಿಸಿ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಲ್ಲಿ, ಕುಳಿತು ಕೆಲಸ ಮಾಡುವ ಹೆಣ್ಣುಮಗಳಿಗೆ ಬಸಿರಿನಲ್ಲಿ 350 ಕ್ಯಾಲೊರಿ ಹೆಚ್ಚಿಗೆ ಸೇರಿ ದಿನಕ್ಕೆ ಸುಮಾರು 2,000 ಬೇಕು. ಪ್ರೊಟೀನ್ ಮಾಮೂಲಿ 46 ಗ್ರಾಂ. ನಡುವಿನ ಮೂರು ತಿಂಗಳಲ್ಲಿ ಅದು ಸುಮಾರು 55 ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 68 ಗ್ರಾಂ. ಅಂದರೆ ದಿನದ ಅರ್ಧ ಕ್ಯಾಲೊರಿ ಒಂದೇ ಹೊತ್ತಿನಲ್ಲಿ ಮುಗಿದುಹೋಯಿತು, ಅದರಲ್ಲೂ ಬಹುಪಾಲು ರೊಟ್ಟಿ ಅನ್ನದಿಂದ. ಮುಂಜಾನೆಯ ನಾಷ್ಟಾಕ್ಕೆ, ಹಾಲಿಗೆ, ಹಣ್ಣಿಗೆ, ರಾತ್ರಿಯ ಊಟಕ್ಕೆ ಉಳಿದ ಜಾಗ ಸಣ್ಣದು. ಏಳನೇ ತಿಂಗಳ ಮೇಲೆ ಹೊಟ್ಟೆಯಲ್ಲೂ ಜಾಗ ಇರುವುದಿಲ್ಲ.

ಹಾಗಾಗಿ ಮೊದಲ ತಿದ್ದುಪಡಿ: "ಅಕ್ಕಾರ, ರೊಟ್ಟಿ ಎರಡ ಸಾಕ್ರಿ, ಅನ್ನ ಬ್ಯಾಡ್ರಿ, ಕಾಳ ಪಲ್ಯಾ ಇನ್ನೊಂದ ಬಟ್ಟಲ ಹಾಕ್ರಿ." ಇಷ್ಟು ಹೇಳಿದರೆ ಡಬ್ಬಿ ಸುಮಾರು 900 ಕ್ಯಾಲೊರಿಗೆ ಇಳಿಯುತ್ತದೆ, ಪ್ರೊಟೀನ್ ಇದ್ದಲ್ಲೇ ಇರುತ್ತದೆ. ಏಕೆಂದರೆ ಒಂದು ಬಟ್ಟಲು ಕಾಳು ಪಲ್ಯಕ್ಕೆ 30 ಗ್ರಾಂ ಒಣಕಾಳು ಹೋಗುತ್ತದೆ, ಅದರಿಂದಲೇ 7 ಗ್ರಾಂ ಪ್ರೊಟೀನ್ ಬರುತ್ತದೆ. ಉಳಿದ 200 ಕ್ಯಾಲೊರಿಯ ಜಾಗದಲ್ಲಿ ಒಂದು ಲೋಟ ಹಾಲು ಕೂರುತ್ತದೆ, ಇಲ್ಲವೇ ಎರಡು ಮೊಟ್ಟೆ, ಒಂದು ಪೇರಲ ಹಣ್ಣು. ಖಾನಾವಳಿಯವರು ಇದಕ್ಕೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ; ಬಸುರಿಯ ಡಬ್ಬಿ ಎಂದು ಗೊತ್ತಾದರೆ ಕೇಳದೆಯೇ ಒಂದು ಚಮಚ ತುಪ್ಪ ಹಾಕಿ ಕಳಿಸುವ ಅಕ್ಕಂದಿರೂ ಇದ್ದಾರೆ. ಒಂದು ಎಚ್ಚರ: ಬಸುರಿಯಾಗುವ ಮೊದಲೇ ತೂಕ ಕಡಿಮೆ ಇದ್ದವರು, ತಿಂಗಳು ತಿಂಗಳು ತೂಕ ಏರದವರು ರೊಟ್ಟಿ ಕಡಿಮೆ ಮಾಡುವ ಹಾಗಿಲ್ಲ. ಅವರಿಗೆ ಮೂರು ರೊಟ್ಟಿಯೂ ಇರಲಿ, ಕಾಳೂ ಹೆಚ್ಚಲಿ.

ಕಾಳು ಪಲ್ಯಗಳಲ್ಲಿ ನಮ್ಮ ಮೊದಲ ಮತ ಮೊಳಕೆ ಬಂದ ಮಡಕಿಗೆ, ಎರಡನೆಯದು ಜುಣಕಕ್ಕೆ. ಮೊಳಕೆಯೊಡೆದಾಗ ಕಾಳಿನ ಫೈಟೇಟ್ ಇಳಿಯುತ್ತದೆ. ಕಬ್ಬಿಣದ ಅಂಶವನ್ನು ಕಟ್ಟಿಹಾಕಿ ಮೈಗೆ ಹತ್ತದಂತೆ ಮಾಡುವುದು ಅದೇ. ಆದರೆ ಮೊಳಕೆ ಬೆಂದಿರಬೇಕು. ಹಸಿ ಮೊಳಕೆಕಾಳು ಬೆಚ್ಚಗೆ ಒದ್ದೆಯಾಗಿ ಇಡೀ ರಾತ್ರಿ ಕೂತಿರುತ್ತದೆ, ಅದು ರೋಗಾಣುಗಳಿಗೂ ಹಿತವಾದ ಜಾಗ. ಕಾಳು ಲೋಳೆಲೋಳೆ ಆಗಿದ್ದರೆ, ಹುಳಿ ವಾಸನೆ ಹೊಡೆದರೆ ಹಿಂದೆ ಮುಂದೆ ನೋಡದೆ ಬಿಡಿ. ಜುಣಕ ಗಟ್ಟಿಯಾಗಿದ್ದರೂ ಬೆಂದ ಪದಾರ್ಥವೇ, ಅದನ್ನೂ ಡಬ್ಬಿಯಲ್ಲಿ ಬಹಳ ಹೊತ್ತು ಇಡಬೇಡಿ. ಒಣ ಜುಣಕದ ವಡಿಯಂತೂ ಸಂಜೆ ನಾಲ್ಕರ ಹಸಿವಿಗೆ ಬಿಸ್ಕೀಟಿಗಿಂತ ಎಷ್ಟೋ ಮೇಲು.

ಇನ್ನು ರಕ್ತದ ಮಾತು. ಡಬ್ಬಿಯ ದೊಡ್ಡ ಸೋಲು ಇಲ್ಲಿದೆ, ಅದನ್ನು ಗೆಲುವಾಗಿಸುವ ಸುಲಭ ದಾರಿಯೂ ಇಲ್ಲೇ ಇದೆ. ದಿನಕ್ಕೆ 27 ಮಿಲಿಗ್ರಾಂ ಕಬ್ಬಿಣ ಬೇಕು. ನೂರು ಗ್ರಾಂ ಜೋಳದಲ್ಲಿ ಇರುವುದು ಸುಮಾರು 4, ಸಜ್ಜೆಯಲ್ಲಿ 6ಕ್ಕಿಂತ ಸ್ವಲ್ಪ ಹೆಚ್ಚು. ಡಬ್ಬಿಯೆಲ್ಲ ಸೇರಿ ಎಂಟು ಹತ್ತು ಮಿಲಿಗ್ರಾಂ ಇದ್ದರೂ ಕಾಳು ಮತ್ತು ಧಾನ್ಯದ ಕಬ್ಬಿಣ ಮೈಗೆ ಹತ್ತುವುದು ಸ್ವಲ್ಪವೇ. ಅದನ್ನು ಹೆಚ್ಚಿಸುವುದು ಲಿಂಬೆಯಂಥ ಹುಳಿಯಲ್ಲಿರುವ ಸಿ ಜೀವಸತ್ವ. ಇಂಡಿ ಲಿಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ ಎಂದು ಹೆಮ್ಮೆಪಡುವ ಜಿಲ್ಲೆಯಲ್ಲಿ ಡಬ್ಬಿಯೊಳಗೆ ಅರ್ಧ ಹೋಳು ಲಿಂಬೆ ಇರುವುದಿಲ್ಲ ಎಂಬುದು ವಿಚಿತ್ರ. ಕೇಳಿದರೆ ಕೊಡುತ್ತಾರೆ. ಸಾರು ಕುದಿಯುವಾಗ ಹಿಂಡಿದರೆ ಸಿ ಜೀವಸತ್ವ ಕಡಿಮೆಯಾಗುತ್ತದೆ. ತಟ್ಟೆಯಲ್ಲಿ, ತಿನ್ನುವ ಮುಂಚೆ, ಕಾಳು ಪಲ್ಯದ ಮೇಲೆ ಹಿಂಡಿ. ಲಿಂಬೆ ಉಪ್ಪಿನಕಾಯಿ ಇದಕ್ಕೆ ಬದಲಿಯಲ್ಲ, ಅದರಲ್ಲಿ ಮುಖ್ಯವಾಗಿ ಉಪ್ಪೇ ಇದೆ.

ಕೆಡಿಸುವುದು ಯಾವುದು ಎಂದರೆ ಊಟದ ಬೆನ್ನಿಗೇ ಕುಡಿಯುವ ಚಾ. ಡಬ್ಬಿ ಮುಚ್ಚಿ ಕೈ ತೊಳೆದುಕೊಳ್ಳುವಷ್ಟರಲ್ಲಿ ಆಫೀಸಿನ ಚಾ ಬಂದಿರುತ್ತದೆ. ಅದರ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ.

ಬಸುರಿಯರ ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗೆ ಬರೆದಿದ್ದರೆ ಡಬ್ಬಿಯಿಂದ ಅದು ಸರಿಹೋಗುವುದಿಲ್ಲ. ನಾಲ್ಕನೇ ತಿಂಗಳಿಂದ ಸರ್ಕಾರಿ ದವಾಖಾನೆಯಲ್ಲಿ ಕೊಡುವ ಕೆಂಪು ಗುಳಿಗೆ ಎಲ್ಲ ಬಸುರಿಯರಿಗೂ ಬೇಕು, ರಕ್ತ ಕಡಿಮೆ ಇದ್ದವರು ಎಷ್ಟು ನುಂಗಬೇಕೆಂದು ವೈದ್ಯರೇ ಹೇಳಬೇಕು. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಕಡಿಮೆಯೆಂದರೆ 180 ದಿನ ನುಂಗಬೇಕು, ಬಾಣಂತನದಲ್ಲಿ ಮತ್ತೆ ಅಷ್ಟೇ ದಿನ. ಕ್ಯಾಲ್ಸಿಯಂ ಗುಳಿಗೆಯನ್ನು ಇದರ ಜೊತೆಗೆ ನುಂಗಿದರೆ ಕಬ್ಬಿಣ ಸರಿಯಾಗಿ ಹತ್ತುವುದಿಲ್ಲ, ನಡುವೆ ಎರಡು ತಾಸಿನ ಅಂತರ ಇರಲಿ. ಡಬ್ಬಿ ಉಣ್ಣುವವರಿಗೆ ಹೊಂದುವ ಕ್ರಮ ಇದು: ಕ್ಯಾಲ್ಸಿಯಂ ನಾಷ್ಟಾ ಆದ ಮೇಲೆ ಒಂದು, ಸಂಜೆ ಹಾಲಿನ ಹೊತ್ತಿಗೆ ಒಂದು, ಕಬ್ಬಿಣದ್ದು ರಾತ್ರಿ ಊಟವಾಗಿ ಎರಡು ತಾಸಿಗೆ, ಮಲಗುವ ಮುಂಚೆ. ಮಧ್ಯಾಹ್ನದ ಡಬ್ಬಿಗೆ ಯಾವ ಗುಳಿಗೆಯೂ ಅಡ್ಡ ಬರುವುದಿಲ್ಲ. ಮಲ ಕಪ್ಪಾದರೆ ಗಾಬರಿ ಬೇಡ. ಮಲಬದ್ಧತೆ ಕಾಡಿದರೆ ಜೋಳದ ನಾರು ನೆರವಿಗೆ ಬರುತ್ತದೆ, ಆದರೆ ನೀರು ಕುಡಿಯದೆ ಬರೀ ರೊಟ್ಟಿ ಉಂಡರೆ ಅದೇ ನಾರು ಇನ್ನಷ್ಟು ಬಿಗಿಯುತ್ತದೆ.

ಮಣ್ಣು, ಬಳಪ, ಹಸಿ ಅಕ್ಕಿ ತಿನ್ನಬೇಕೆನಿಸಿದರೆ ಬಯಕೆ ಎಂದು ನಕ್ಕು ಬಿಡಬೇಡಿ. ಎಷ್ಟೋ ಸಲ ಅದು ರಕ್ತ ಕಡಿಮೆಯಾದುದರ ಗುರುತು.

ಡಬ್ಬಿಯಲ್ಲಿ ನಮಗೆ ನಿಜಕ್ಕೂ ಹೆದರಿಕೆ ಇರುವುದು ಹಸಿ ಸೊಪ್ಪಿನ ಮೇಲೆ. ರೊಟ್ಟಿ ಊಟದ ಸೊಗಸೇ ಅದು: ಮೆಂತ್ಯ, ಹಕ್ಕರಕಿ, ಎಳೆ ಮೂಲಂಗಿ, ಅದರ ಸೊಪ್ಪು. ಬಾಯಿಗೆ ಬಲು ರುಚಿ. ಆದರೆ ನೆಲಕ್ಕೆ ಅಂಟಿ ಬೆಳೆಯುವ ಈ ಎಲೆಗಳಿಗೆ ಎಂಥ ನೀರು ಹಾಯುತ್ತದೆ, ಖಾನಾವಳಿಯಲ್ಲಿ ಒಂದೇ ಬಕೆಟ್ಟಿನಲ್ಲಿ ಎಷ್ಟು ಕಟ್ಟು ಅದ್ದಿ ತೆಗೆಯುತ್ತಾರೆ ಎಂಬುದು ಡಬ್ಬಿ ತೆರೆದವರಿಗೆ ಕಾಣುವುದಿಲ್ಲ. ಕೊಳಕು ನೀರಿನಿಂದ ಬರುವ ಕಾಮಾಲೆಗಳಲ್ಲಿ ಹೆಪಟೈಟಿಸ್ ಇ ಬೇರೆಯವರಿಗೆ ಸಾಮಾನ್ಯವಾಗಿ ಕೆಲವು ವಾರದಲ್ಲಿ ವಾಸಿಯಾಗುತ್ತದೆ. ಬಸುರಿಯರಿಗೆ ಹಾಗಲ್ಲ. ಕೊನೆಯ ಮೂರು ತಿಂಗಳಲ್ಲಿ ಅದು ತಗುಲಿದವರಲ್ಲಿ ನೂರಕ್ಕೆ 20ರಿಂದ 25ರವರೆಗೆ ಸಾವು ಕಂಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪು ನೀರಿನಲ್ಲಿ ನೆನೆಸಿದರೆ ಮಣ್ಣು, ಹುಳ ಬಿಟ್ಟಾವು, ರೋಗಾಣು ಸಾಯುವುದಿಲ್ಲ.

ಎರಡನೆಯ ತಿದ್ದುಪಡಿ ಅದೇ. ಹೆಚ್ಚಿದ ಹಸಿ ತರಕಾರಿ ಬೇಡ, ಹಸಿ ಸೊಪ್ಪು ಬೇಡ. ಸೌತೆಕಾಯಿ, ಗಜ್ಜರಿ ಇಡಿಯಾಗಿ ಕೊಡಲಿ. ನೀವು ನಲ್ಲಿಯ ಹರಿವ ನೀರಲ್ಲಿ ತಿಕ್ಕಿ ತೊಳೆದು, ಸಿಪ್ಪೆ ಹೆರೆದು ತಿನ್ನಿ. ಮೆಂತ್ಯವೇ ಬೇಕೆನಿಸಿದರೆ ಪಲ್ಯ ಮಾಡಿ ಕೊಡಲಿ. ನೂರು ಗ್ರಾಂ ಮೆಂತ್ಯ ಸೊಪ್ಪಿನಲ್ಲಿ 270 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಬೇಯಿಸಿದರೆ ಅದೇನೂ ಓಡಿಹೋಗುವುದಿಲ್ಲ. ಸೊಪ್ಪು ಹಸಿರಾಗಿ ಹೊಳೆಯಲಿ ಎಂದು ಸೋಡಾ ಹಾಕುವವರಿದ್ದಾರೆ, ಅದು ಬೇಡವೆನ್ನಿ. ಸೋಡಾ ಜೀವಸತ್ವ ಕೆಡಿಸುತ್ತದೆ. ಪುಂಡಿ ಪಲ್ಯ ಮಾಡಿದ ದಿನ ಮಾತ್ರ ತಪ್ಪಿಸಬೇಡಿ. ತೊಗರಿಬೇಳೆ, ಜೋಳದ ನುಚ್ಚು ಹಾಕಿ ಕುದಿಸಿದ ಆ ಹುಳಿ ಸೊಪ್ಪು ಬಾಯಿ ಕೆಟ್ಟ ಬಸುರಿಗೂ ಇಳಿಯುತ್ತದೆ.

ಮಜ್ಜಿಗೆಯ ಬಗ್ಗೆಯೂ ಇದೇ ಅನುಮಾನ. ಮೊಸರು ಒಳ್ಳೆಯದೇ, ಅದಕ್ಕೆ ಬೆರೆಸಿದ ನೀರು ಯಾವುದು? ಗಟ್ಟಿ ಮೊಸರು ತರಿಸಿ, ಕುದಿಸಿ ಆರಿಸಿದ ನೀರು ಹಾಕಿ ಮನೆಯಲ್ಲೇ ಕಡೆಯಿರಿ.

ಎಣ್ಣೆಗಾಯಿಗೆ ಎರಡು ಮುಖ. ಒಳಗೆ ತುಂಬುವ ಶೇಂಗಾ, ಗುರೆಳ್ಳು, ಎಳ್ಳಿನ ಪುಡಿ ಒಳ್ಳೆಯ ಸರಕು. ಮೇಲೆ ತೇಲುವ ಎಣ್ಣೆ, ಕೆಂಪು ಖಾರ ಮಾತ್ರ ಕೊನೆಯ ತಿಂಗಳುಗಳಲ್ಲಿ ಎದೆ ಉರಿಸುತ್ತವೆ. ಗರ್ಭ ಮೇಲೇರಿ ಜಠರವನ್ನು ಒತ್ತುವುದು ಒಂದು ಕಾರಣ. ಬಸಿರಿನ ಹಾರ್ಮೋನುಗಳಿಂದ ಅನ್ನನಾಳದ ಕೆಳಗಿನ ಬಿಗಿ ಸಡಿಲಾಗುವುದು ಇನ್ನೊಂದು. ಬದನೆಕಾಯಿ ತೆಗೆದುಕೊಂಡು ಎಣ್ಣೆ ಬಟ್ಟಲಲ್ಲೇ ಬಿಡಿ. ಕೆಂಪು ಮೆಣಸಿನಕಾಯಿಯ ರಂಜಕ ಆ ಮೂರು ತಿಂಗಳು ರಜೆ ಹಾಕಲಿ. ಸಾವಜಿ ಖಾನಾವಳಿಯ ಮಾಂಸದ ಊಟಕ್ಕೂ ಇದೇ ಮಾತು: ಬೆಂದ ಕುರಿ, ಕೋಳಿ ರಕ್ತಕ್ಕೆ ಒಳ್ಳೆಯದು, ಮೇಲಿನ ಖಾರದ ಎಣ್ಣೆ ಅಲ್ಲ. ಲಿವರ್ ಪದೇ ಪದೇ ಬೇಡ, ಅದರಲ್ಲಿ ಎ ಜೀವಸತ್ವ ಬಸುರಿಗೆ ಬೇಕಾದುದಕ್ಕಿಂತ ತೀರ ಹೆಚ್ಚು.

ಹಿಂಡಿಗಳಲ್ಲಿ ಶೇಂಗಾ ಹಿಂಡಿ ಪ್ರೊಟೀನಿಗೆ, ಅಗಸಿ ಹಿಂಡಿ ಕೂಸಿನ ಮಿದುಳಿಗೆ ಬೇಕಾದ ಕೊಬ್ಬಿನ ಮೂಲಕ್ಕೆ. ಎರಡೆರಡು ಚಮಚ ಸಾಕು, ಉಪ್ಪು ಜೋರಿರುತ್ತದೆ. ಹಳೆಯ ಶೇಂಗಾ ಕಮಟು ವಾಸನೆ ಹೊಡೆಯುತ್ತದೆ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಮೂಸಿ ನೋಡಿಯೇ ಹಚ್ಚಿಕೊಳ್ಳಿ. ಅಡುಗೆಗೆ ಯಾವ ಉಪ್ಪು ಎಂದೂ ಒಮ್ಮೆ ಕೇಳಿ. ಚೀಲದ ಹರಳುಪ್ಪಾದರೆ ಅಯೋಡಿನ್ ಇರುವ ಭರವಸೆಯಿಲ್ಲ.

ಇನ್ನು ಆ ಒಂದೂವರೆ ಅಂಕ. ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ಜೋಳದಲ್ಲಿ 30 ಸಹ ಇಲ್ಲ. ಡಬ್ಬಿಯ ಮೊಸರಿನಿಂದ ನೂರಿಪ್ಪತ್ತು ಬಂದೀತು. ಬಿ12 ಅಂತೂ ರೊಟ್ಟಿ, ಕಾಳು, ಸೊಪ್ಪಿನಲ್ಲಿ ಇಲ್ಲವೇ ಇಲ್ಲ. ಶುದ್ಧ ಶಾಕಾಹಾರಿಗಳು ವೈದ್ಯರ ಹತ್ತಿರ ಈ ಮಾತು ತೆಗೆಯಲೇಬೇಕು. ಹಾಲು, ಮೊಟ್ಟೆ ಬೇರೆಯಾಗಿಯೇ ಬರಬೇಕು. ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿಯರಿಗೆ ಅಂಗನವಾಡಿಯಲ್ಲಿ ಬಡಿಸುವ ಊಟಕ್ಕೆ ಮೊಟ್ಟೆ, ಹಾಲು, ಚಿಕ್ಕಿ ಸೇರಿಸಿದ್ದಾರೆ. ಖಾನಾವಳಿ ಡಬ್ಬಿಯಲ್ಲಿ ಇಲ್ಲದ್ದು ಅಲ್ಲಿದೆ. ಡಬ್ಬಿ ಕಟ್ಟಿಸುವವರೂ ಓಣಿಯ ಅಂಗನವಾಡಿಯಲ್ಲಿ ಹೆಸರು ಬರೆಸಿಕೊಳ್ಳಲು ನಾಚಬೇಕಾಗಿಲ್ಲ.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಕೆಲವು ಕಡೆ ಚಳಿಗಾಲದಲ್ಲಿ ಕೊಡುತ್ತಾರೆ. ಹತ್ತು ಗ್ರಾಂ ಎಳ್ಳಿಗೆ ನೂರಕ್ಕೂ ಹೆಚ್ಚು ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. "ಎಳ್ಳ ಕಾವು, ಬಸರಿ ತಿನ್ನಬಾರದು" ಎಂದು ಹಿರಿಯರು ತಡೆಯುತ್ತಾರೆ. ರೊಟ್ಟಿಗೆ ಹಚ್ಚುವಷ್ಟು ಎಳ್ಳಿನಿಂದ ಗರ್ಭ ಹೋಗುತ್ತದೆ ಎನ್ನಲು ಆಧಾರವಿಲ್ಲ. ಅದಕ್ಕಿಂತ ಕೇಡಿನ ಮಾತು "ಹೆಚ್ಚ ಉಂಡ್ರ ಕೂಸ ದೊಡ್ಡದಾಗಿ ಹೆರಿಗಿ ತ್ರಾಸ ಆಕ್ಕೈತಿ" ಎಂಬುದು. ತಾಯಿ ಅರೆಹೊಟ್ಟೆ ಉಂಡರೆ ಕೂಸು ಸೊರಗಿ ಹುಟ್ಟುವ ಅಪಾಯವಿದೆ.

ಮೊದಲ ಮೂರು ತಿಂಗಳು ತಿಂಗಳ ಡಬ್ಬಿ ಗೊತ್ತುಮಾಡಲೇಬೇಡಿ. ಒಗ್ಗರಣೆಯ ವಾಸನೆಗೇ ವಾಕರಿಕೆ ಬರುವ ಕಾಲ, ಅರ್ಧ ಡಬ್ಬಿ ಚೆಲ್ಲುತ್ತೀರಿ. ಆಗ ಅದೇ ಖಾನಾವಳಿಯಿಂದ ಕಡಕ್ ರೊಟ್ಟಿ ಒಂದು ಕಟ್ಟು ತಂದಿಡಿ. ಹಾಸಿಗೆಯಿಂದ ಏಳುವ ಮುಂಚೆ ಒಂದು ಚೂರು ಅಗಿದು, ಹತ್ತು ನಿಮಿಷ ಬಿಟ್ಟು ಎದ್ದರೆ ವಾಂತಿ ಎಷ್ಟೋ ಕಡಿಮೆ. ಮಧ್ಯಾಹ್ನ ಅದನ್ನೇ ಮುರಿದು ಮೊಸರಲ್ಲಿ ನೆನೆಸಿ, ಶೇಂಗಾ ಹಿಂಡಿ ಉದುರಿಸಿಕೊಳ್ಳಿ. ಈ ತಿಂಗಳುಗಳಲ್ಲಿ ಕ್ಯಾಲೊರಿಗಿಂತ ದಿನದ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಗುಳಿಗೆ ತಪ್ಪದಿರುವುದು ಮುಖ್ಯ.

ಸಕ್ಕರೆ ಇರುವವರಿಗೆ ಒಂದು ಮಾತು ಬಿಡಿಸಿ ಹೇಳಬೇಕು, ಏಕೆಂದರೆ "ಜೋಳ ಉಂಡ್ರ ಶುಗರ್ ಏರೂದಿಲ್ಲ" ಎಂಬುದು ಇಲ್ಲಿ ಮನೆಮಾತು. ಏರುತ್ತದೆ. ಅನ್ನಕ್ಕಿಂತ ನಿಧಾನ ಇರಬಹುದು, ಆದರೆ ನಾಲ್ಕು ರೊಟ್ಟಿಯ ಹಿಟ್ಟೂ ಹಿಟ್ಟೇ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿಗೆ ನೋಡಿದಾಗ 140 ಅಥವಾ ಹೆಚ್ಚು ಬಂದವರು ಎರಡು ರೊಟ್ಟಿಗೆ ನಿಲ್ಲಲಿ, ಅನ್ನ ಪೂರ್ತಿ ಬಿಡಲಿ, ಊಟವಾಗಿ ಎರಡು ತಾಸಿಗೆ ರಕ್ತ ಪರೀಕ್ಷಿಸಲಿ. 120 ದಾಟಿದರೆ ಒಂದೂವರೆ ರೊಟ್ಟಿ ಮಾಡಿ ನೋಡಿ, ವೈದ್ಯರಿಗೂ ತಿಳಿಸಿ. ಹಬ್ಬದ ದಿನ ಡಬ್ಬಿಯಲ್ಲಿ ಬರುವ ಶೇಂಗಾ ಹೋಳಿಗೆ ಮನೆಯ ಬೇರೆಯವರ ಪಾಲು. ಅಮೀನಗಡದ ಕರದಂಟೂ ಅಷ್ಟೇ. ಸಕ್ಕರೆ ಇಲ್ಲದವರು, ತೂಕ ಕಡಿಮೆ ಇದ್ದವರು ಸಂಜೆಗೆ ಒಂದು ತುಂಡು ತಿನ್ನಲಿ. ಆದರೆ ಬೆಲ್ಲದಿಂದ ರಕ್ತ ತುಂಬುತ್ತದೆ ಎಂದು ನಂಬಿ ಅಲ್ಲ. ಇಪ್ಪತ್ತು ಗ್ರಾಂ ಬೆಲ್ಲದಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಆಸುಪಾಸು.

ಕಟ್ಟುವ ಬಗೆಗೂ ಅಂಕ ಕಳೆದಿದ್ದೇವೆ. ಬಿಸಿ ರೊಟ್ಟಿಯನ್ನು ನೇರ ಡಬ್ಬಿಗೆ ಹಾಕಿ ಮುಚ್ಚಿದರೆ ಬೆವರಿ ಜಿಗುಟಾಗುತ್ತದೆ. ನಿಮ್ಮದೇ ತೆಳು ಹತ್ತಿ ಬಟ್ಟೆ ಕೊಟ್ಟುಬಿಡಿ, ದಿನಾ ಒಗೆದದ್ದು. ಮೊಸರು ಬಿಸಿ ಪಲ್ಯದ ಮೇಲಿನ ಬಟ್ಟಲಲ್ಲಿ ಬಂದರೆ ಊಟದ ಹೊತ್ತಿಗೆ ಹುಳಿ ಹಿಡಿದಿರುತ್ತದೆ, ಅದು ಬೇರೆ ಡಬ್ಬಿಯಲ್ಲಿ ಬರಲಿ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಅಂಥ ದಿನ ಸಾರು, ಪಲ್ಯ ಆರಿದ ಮೇಲೆ ಒಂದು ತಾಸಿಗಿಂತ ಹೆಚ್ಚು ಹೊತ್ತು ಹೊರಗೆ ಇಡುವ ಹಾಗಿಲ್ಲ. ಹನ್ನೊಂದಕ್ಕೆ ಕಟ್ಟಿ ಎರಡಕ್ಕೆ ತೆರೆಯುವ ಡಬ್ಬಿ ಬೇಡ. ಕಟ್ಟಿದ ಗಂಟೆಯನ್ನು ಒಂದೆರಡು ದಿನ ಕೇಳಿ ತಿಳಿದುಕೊಳ್ಳಿ, ಊಟದ ಹೊತ್ತಿಗೆ ಹತ್ತಿರ ಕಟ್ಟಿ ಕಳಿಸುವವರೇ ಮೇಲು. ಒಂದೇ ಸಲ ಉಣ್ಣಲಾಗದೆ ಎರಡು ಹೊತ್ತಿಗೆ ಹಂಚುವವರು ರೊಟ್ಟಿ, ಹಿಂಡಿಯನ್ನು ಸಂಜೆಗೆ ಇಟ್ಟುಕೊಂಡು, ಪಲ್ಯ, ಜುಣಕ, ಸಾರು, ಮೊಸರನ್ನು ಮಧ್ಯಾಹ್ನವೇ ಮುಗಿಸಲಿ.

ಕುಬಸದ (ಸೀಮಂತದ) ಬುತ್ತಿಗೆ ಖಾನಾವಳಿಗೆ ಹೇಳುವವರು ಸಜ್ಜೆ ರೊಟ್ಟಿ, ಜುಣಕದ ವಡಿ, ಹಿಂಡಿ, ಹೋಳಿಗೆ ಧಾರಾಳವಾಗಿ ಹೇಳಿ. ಮೊಸರ ಬುತ್ತಿ, ಚಿತ್ರಾನ್ನ ಮಾತ್ರ ಮನೆಯಲ್ಲೇ, ಆರತಿಯ ಹೊತ್ತಿಗೆ ಕಲಸಿ. ಬೆಳಗ್ಗೆಯೇ ಕಲಸಿ ಮಧ್ಯಾಹ್ನ ಮೂರಕ್ಕೆ ಬಡಿಸಿದ ಅನ್ನದಿಂದ ಉಡಿ ತುಂಬಿಸಿಕೊಂಡವಳೇ ರಾತ್ರಿ ವಾಂತಿ ಮಾಡಿಕೊಂಡಾಳು.

ಡಬ್ಬಿಗೆ ವಾರದ ರಜೆ ಇರುತ್ತದೆ, ಹಬ್ಬಕ್ಕೂ ಇರುತ್ತದೆ. ಆ ದಿನ ಹೊಟೇಲಿನ ಪೂರಿ, ಮಿರ್ಚಿಗೆ ಬೀಳದಿರಲು ಎರಡು ದಿನ ಮೊದಲಿನ ರಾತ್ರಿಯೇ ಒಂದು ಹಿಡಿ ಮಡಕಿ ನೆನೆಹಾಕಿ, ಮರುದಿನ ಮುಂಜಾನೆ ಬಟ್ಟೆಯಲ್ಲಿ ಕಟ್ಟಿಡಿ. ರಜೆಯ ದಿನಕ್ಕೆ ಮೊಳಕೆ ಬಂದಿರುತ್ತದೆ. ಉಳ್ಳಾಗಡ್ಡಿ ಒಗ್ಗರಣೆಗೆ ಹಾಕಿ ಬೇಯಿಸಲು ಇಪ್ಪತ್ತು ನಿಮಿಷ. ಕಟ್ಟಿನಲ್ಲಿ ಉಳಿದ ಕಡಕ್ ರೊಟ್ಟಿ ಎರಡು, ಮೊಸರು ಒಂದು ಬಟ್ಟಲು, ಅರ್ಧ ಲಿಂಬೆ.